ಸೋಮವಾರದ ತಗ್ಗು

ಕಿಣ್ ಎಂದು ಒಂದು ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಕಿಣ್.

ನೊರೀನ್ ಹಾಸಿಗೆಯಲ್ಲೇ ಕಣ್ಣುಬಿಟ್ಟು ಕಿವಿಗೊಟ್ಟಳು. ಪಡಖಾನೆಯ ಮೇಲಿನ ಮನೆಯಲ್ಲಿ ಇಷ್ಟು ವರ್ಷ ಮಲಗಿದವಳಿಗೆ ಕೆಳಗಿನ ಸದ್ದುಗಳೆಲ್ಲ ಮನೆಯವರ ಕೆಮ್ಮಿನಷ್ಟೇ ಪರಿಚಿತ. ಐಸಿನ ಯಂತ್ರ ಗಡಗಡಿಸಿ ತಣ್ಣಗಾಗುವುದು, ಬಿಯರ್ ಕೊಳವೆಯೊಳಗೆ ಗಾಳಿ ಗುಳುಗುಳು ಅನ್ನುವುದು, ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಹೊರಗಿನ ಬೋರ್ಡು ಕಿರುಗುಟ್ಟುವುದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಹೊಗೆ ಎಚ್ಚರಿಕೆಯ ಗಂಟೆಯ ಬ್ಯಾಟರಿ ಮುಗಿಯಿತೇ? ಗ್ಯಾಸ್ ಸೋರುತ್ತಿದೆಯೇ? ಪಡಖಾನೆಯ ಹಿಂದಿನ ಕೋಣೆಯಲ್ಲಿ ಮಲಗುವ ಅದರ ಒಡತಿ, ಅತ್ತೆ ಹೆಡ್ವಿಗ್, ರಾತ್ರಿ ಕಿವಿಯ ಯಂತ್ರ ತೆಗೆದಿಟ್ಟರೆ ಸಿಡಿಲು ಬಡಿದರೂ ಏಳುವವಳಲ್ಲ. ಗಂಡ ಇದ್ದಿದ್ದರೆ "ಸುಮ್ನೆ ಮಲಕ್ಕೊ, ಇಲಿ ಇರ್ಬೇಕು" ಎಂದು ಮಗ್ಗುಲು ಬದಲಿಸುತ್ತಿದ್ದ. ಅವನು ತೀರಿಹೋಗಿ ನಾಲ್ಕು ಚಳಿಗಾಲ ಕಳೆದಿತ್ತು. ನೊರೀನ್ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು.

ಗೋಡೆಯ ಪಕ್ಕದ ಕೊನೆಯ ಸ್ಟೂಲಿನ ಕೆಳಗೆ ಅದು ಬಿದ್ದಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿ, ಬೆನ್ನಿಗೆ ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ಪು, ತುದಿಯಲ್ಲಿ ಸಣ್ಣ ಕೆಂಪು ದೀಪ. ಬ್ಯಾಟರಿ ಸಾಯುತ್ತಿದೆ ಎಂದು ಅದು ದೂರುತ್ತಿತ್ತು. ಎತ್ತಿಕೊಂಡು ದೀಪದ ಬೆಳಕಿಗೆ ಹಿಡಿದಾಗ ಗುರುತು ಹತ್ತಿತು. 

ಷಿಕಾಗೋದಲ್ಲಿ ನಡೆದ ರೇಡಿಯೋದವರ ಒಂದು ತರಬೇತಿಯಲ್ಲಿ ಅವಳು ಇದನ್ನು ಗಾಜಿನ ಪೆಟ್ಟಿಗೆಯೊಳಗೆ ನೋಡಿದ್ದಳು. ಈ ಮಿಲ್ವಾಕಿ ಊರಿನ ಲಕ್ಷಾಂತರ ಕಿವಿಗಳ ಪರವಾಗಿ ಕೆಲವು ನೂರು ಜನ, ಒಬ್ಬೊಬ್ಬರೂ ತಮ್ಮ ವಯಸ್ಸಿನ ಸಾವಿರಾರು ಜನರ ಲೆಕ್ಕಕ್ಕೆ, ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಪ್ರತಿ ಸ್ಟೇಷನ್ನೂ ತನ್ನ ಧ್ವನಿಯಲ್ಲಿ ಮನುಷ್ಯರಿಗೆ ಕೇಳಿಸದ ಒಂದು ಗುರುತನ್ನು ಬೆರೆಸಿರುತ್ತದೆ. ಹತ್ತಿರದಲ್ಲಿ ಯಾವ ರೇಡಿಯೋ ಹಾಡಿದರೂ ಈ ಮೀಟರು ಆ ಗುರುತನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಡು ಅದನ್ನು ಹೊತ್ತವನಿಗೆ ಹಿಡಿಸಿತೇ, ಅವನು ಕೇಳುತ್ತಿದ್ದನೋ ಹಲ್ಲಿನ ಸಂದು ಕೆದಕುತ್ತಿದ್ದನೋ, ಅದಕ್ಕೆ ಸಂಬಂಧವಿಲ್ಲ. ಯಾರ ಬಳಿ ಇದಿದೆ ಎಂಬುದು ಗುಟ್ಟು. ರೇಡಿಯೋದವರಿಗಂತೂ ತಿಳಿಯಲೇಬಾರದು. ತಿಳಿದರೆ ಕೇಳುಗರನ್ನು ಎಣಿಸುವ ಅಳತೆಯ ಕಂಪನಿಗೆ ಹೇಳಬೇಕು. ಆ ಮನುಷ್ಯನನ್ನು ಕೈಬಿಡುತ್ತಾರೆ, ಅಂಕಿಗಳನ್ನು ಮತ್ತೆ ಜಾಲಾಡುತ್ತಾರೆ.

ನೊರೀನ್ ಲೇಕ್‌ಶೋರ್ ಎಫ್ಎಮ್‌ನ ಕಾರ್ಯಕ್ರಮಗಳ ಮುಖ್ಯಸ್ಥೆ. ಆ ಕೊನೆಯ ಸ್ಟೂಲು ಸಂಜೆಗೆ ತಪ್ಪದೆ ಬರುವ ಐವತ್ತರ ಬಸ್ ಚಾಲಕ ಲೆಸ್ಟರ್ ಪ್ರಿಬಿಲ್‌ನದು. ಕಪಾಟಿನ ಮೇಲೆ ಬಾಟಲಿಗಳ ನಡುವೆ ಕೂತ ಹಳೆಯ ರೇಡಿಯೋದಲ್ಲಿ ಬೆಳಗಿನಿಂದ ಬಾಗಿಲು ಹಾಕುವವರೆಗೆ ಲೇಕ್‌ಶೋರ್ ಒಂದೇ. ಹೆಡ್ವಿಗ್ ಬೇರೆ ಯಾವುದಕ್ಕೂ ಮುಳ್ಳು ತಿರುಗಿಸಲು ಬಿಡುತ್ತಿರಲಿಲ್ಲ, "ನನ್ನ ಸೊಸೆದು" ಎಂದು.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಲೆಸ್ಟರ್ ಕಿಟಕಿ ತಟ್ಟಿದ. ಬಸ್ ಚಾಲಕನ ಸಮವಸ್ತ್ರ, ಗಡ್ಡ ಹೆರೆದುಕೊಂಡಿಲ್ಲ.

"ಇಲ್ಲೇನಾದ್ರೂ... ಕಪ್ಪಗೆ, ಇಷ್ಟು ದಪ್ಪದ್ದು, ಡಬ್ಬಿ ಥರದ್ದು ಸಿಕ್ತಾ ನೊರೀನ್?"

"ಇದಾ?"

"ಹಾಂ, ಅದೇ. ಕೋಟು ಬಿಚ್ಚುವಾಗ ಬಿದ್ದಿರ್ಬೇಕು." ಕಸಿದುಕೊಂಡಂತೆ ತೆಗೆದುಕೊಂಡು ಜೇಬಿಗೆ ಹಾಕಿದ. ಅವಳ ಮುಖವನ್ನು ನೋಡಲಿಲ್ಲ. "ಡಾಕ್ಟರ್ ಕೊಟ್ಟಿದ್ದು. ಹೆಜ್ಜೆ ಎಣಿಸುತ್ತೆ."

ಹಿಂದಿನಿಂದ ಹೆಡ್ವಿಗ್ ಮೊಟ್ಟೆಯ ಉಪ್ಪಿನಕಾಯಿ ಭರಣಿಯನ್ನು ತಬ್ಬಿಕೊಂಡು ಬಂದಳು. "ಬಸ್ಸು ಓಡಿಸೋನಿಗೆ ಹೆಜ್ಜೆ ಎಣಿಸೋ ಮಿಷನ್ನಾ? ಬ್ರೇಕ್ ತುಳಿದಿದ್ದೂ ಲೆಕ್ಕಕ್ಕೆ ಬರುತ್ತಾ?"

"ಬರುತ್ತೆ ಹೆಡ್ಡಿ. ನಿನ್ನ ಬಾರ್‌ಗೆ ಬಂದಿದ್ದು ಮಾತ್ರ ಕಳೆಯುತ್ತೆ."

"ಹಾಗಾದ್ರೆ ನೀನು ಇಷ್ಟೊತ್ತಿಗೆ ಹುಟ್ಟೇ ಇರ್ಬಾರ್ದಾಗಿತ್ತು."

ಲೆಸ್ಟರ್ ನಕ್ಕ. ಬಾಗಿಲ ಬಳಿ ನಿಂತು ದನಿ ತಗ್ಗಿಸಿದ. "ನೊರೀನ್, ಈ ಡಾಕ್ಟರ ವಿಷ್ಯ... ಇಲ್ಲಿ ಬರೋ ಹುಡುಗ್ರಿಗೆ ಗೊತ್ತಾದ್ರೆ ಆಡಿಕೊಳ್ತಾರೆ."

"ನಾನ್ಯಾಕೆ ಹೇಳ್ಲಿ."

ಇಬ್ಬರಿಗೂ ಗೊತ್ತಾಗಿತ್ತು. ಗೊತ್ತಾಗಿದೆ ಎಂಬುದೂ ಇಬ್ಬರಿಗೂ ಗೊತ್ತಾಗಿತ್ತು.

ಆಫೀಸಿನಲ್ಲಿ ನೊರೀನ್ ಕೋಟನ್ನೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತಳು. ಮೂರು ತಿಂಗಳಿಂದ ಸ್ಟೇಷನ್ನಿನ ಸಂಜೆಯ ಕೇಳುಗರ ಗೆರೆ ಏರುತ್ತಿತ್ತು. ಅದೂ ಜಾಹೀರಾತಿನವರು ಬಾಯಿ ಚಪ್ಪರಿಸುವ ವಯಸ್ಸಿನ, ಐವತ್ತರ ಆಸುಪಾಸಿನ ಗಂಡಸರಲ್ಲಿ. ನಾಲ್ಕು ಗಂಟೆಗೆ ಎದ್ದು ಎಂಟಕ್ಕೆ ಇಳಿಯುವ ಗುಡ್ಡ, ಮಂಗಳವಾರದಿಂದ ಭಾನುವಾರದವರೆಗೆ. ಸೋಮವಾರ ಮಾತ್ರ ತಗ್ಗು, ಯಾರೋ ಸಲಿಕೆಯಿಂದ ತೋಡಿದ ಹಾಗೆ.

ಆ ತಗ್ಗಿಗೆ ಅವಳೇ ಒಂದು ಕಾರಣ ಕಟ್ಟಿದ್ದಳು. ಹೋದ ತಿಂಗಳು ಅಟ್ಲಾಂಟಾದ ಮುಖ್ಯ ಕಚೇರಿಯಿಂದ ಮೇಲಧಿಕಾರಿ ಕರ್ಟಿಸ್ ಹೇಲ್ ಬಂದು ಸಭೆ ಸೇರಿಸಿದ್ದಾಗ, "ವಾರದ ಮೊದಲನೇ ದಿನ ಜನ ಸುಸ್ತಾಗಿ ಬೇಗ ಮನೆ ಸೇರ್ತಾರೆ" ಎಂದು ವಿವರಿಸಿದ್ದಳು. ಅವನು ತಲೆಯಾಡಿಸಿ ಬರೆದುಕೊಂಡಿದ್ದ. ಈಗ ಪರದೆಯ ಮೇಲಿನ ಆ ತಗ್ಗಿಗೆ ಬೆರಳಿಟ್ಟಳು. ಸೋಮವಾರ ಹೆಡ್ವಿಗ್‌ಳ ಪಡಖಾನೆಗೆ ರಜೆ.

ಆ ಸಭೆಯಲ್ಲಿ ಕರ್ಟಿಸ್ ಮೂರು ಬೆರಳು ಮಡಚಿ ಹೇಳಿದ್ದ. "ನೋಡಿ, ನಮ್ಮ ಮುಂದಿರೋದು ಮೂರೇ ದಾರಿ. ಸುದ್ದಿ, ಆಟ, ಹಾಡು. ಸುದ್ದಿ ಅಂದ್ರೆ ವರದಿಗಾರರು ಬೇಕು, ಗಾಡಿ ಬೇಕು, ರಾತ್ರಿ ಎರಡಕ್ಕೆ ಬೆಂಕಿ ಬಿದ್ರೆ ಓಡೋಕೆ ಕಾಲು ಬೇಕು. ಅದು ನಮ್ಮ ಕೈಲಾಗೋದಲ್ಲ. ಆಟ ಅಂದ್ರೆ ಒಂದು ಕೋಣೆ, ಇಬ್ಬರು ಬಾಯಿಬಡುಕರು, ಒಂದು ಫೋನು. ನಿನ್ನೆ ಆ ಚೆಂಡು ಯಾಕೆ ಹಿಡೀಲಿಲ್ಲ ಅಂತ ಇಡೀ ದಿನ ಕಿತ್ತಾಡಬಹುದು. ಕೇಳೋರು ಗಂಡಸರು, ಒಮ್ಮೆ ಕೂತ್ರೆ ಏಳಲ್ಲ, ಕಾರು ಮಾರೋರು ಜಾಹೀರಾತು ಹಿಡ್ಕೊಂಡು ಸಾಲಲ್ಲಿ ನಿಲ್ತಾರೆ. ಹಾಡು? ಹಾಡು ಈಗ ಎಲ್ಲರ ಫೋನಲ್ಲೂ ಇದೆ."

ಮಡಚಿದ್ದ ಮೂರನೇ ಬೆರಳನ್ನು ಬಿಡಿಸಿ ಅವನು ನೊರೀನಳ ಕಡೆ ತಿರುಗಿದ್ದ.

"ಆದ್ರೆ ನಿಮ್ಮ ಈ ಸಂಜೆ ಕಾರ್ಯಕ್ರಮ ಏನೋ ಮೋಡಿ ಮಾಡ್ತಿದೆ ನೊರೀನ್. ಈ ಗಂಡಸರು ಎಲ್ಲಿಂದ ಬಂದ್ರು ಅಂತ ನಂಗೆ ಅರ್ಥವಾಗ್ತಿಲ್ಲ. ಸೆಪ್ಟೆಂಬರ್ ಅಂಕಿ ಹೀಗೇ ನಿಂತ್ರೆ ಹಾಡೇ ಇರಲಿ. ಬಿದ್ರೆ ಇದು ಆಟದ ಸ್ಟೇಷನ್."

ಸಂಜೆಯ ಮಾತುಗಾರ ವೆಂಡೆಲ್ ಆಗ ಮೇಜಿನಡಿಯಲ್ಲಿ ಅವಳ ಕಾಲಿಗೆ ಮೆಲ್ಲಗೆ ಒದ್ದಿದ್ದ, ಖುಷಿಗೆ. ಅರವತ್ತು ಹತ್ತಿರವಾಗುತ್ತಿದ್ದ ಮನುಷ್ಯ. ದನಿ ಬಿಟ್ಟರೆ ಬೇರೆ ಕಸುಬಿಲ್ಲ. ಆ ದನಿಗೂ ಈ ಊರಲ್ಲಿ ಇನ್ನೊಂದು ಮೈಕು ಸಿಗುವುದಿಲ್ಲ. ಬೇಸಿಗೆಯ ಮೊದಲಲ್ಲಿ ಇಬ್ಬರೂ ಕೂತು ಸಂಜೆಯ ಹಾಡುಗಳನ್ನೆಲ್ಲ ಬದಲಿಸಿದ್ದರು. ಕುಣಿಸುವ ಹಾಡುಗಳನ್ನು ತೆಗೆದು, ಎದೆಯೊಳಗೆ ಇಳಿಯುವ ಹಳೆಯ ನಿಧಾನದ ಹಾಡುಗಳನ್ನು ಹಾಕಿದ್ದರು. ಗೆರೆ ಏರಿತ್ತು. ನಮ್ಮ ಕಿವಿ ಇನ್ನೂ ಸತ್ತಿಲ್ಲ ಎಂದುಕೊಂಡಿದ್ದರು. ಲೆಸ್ಟರನ ಪಾಳಿ ಬದಲಾಗಿ ಅವನು ನಾಲ್ಕಕ್ಕೇ ಪಡಖಾನೆಗೆ ಬರತೊಡಗಿದ್ದೂ ಬೇಸಿಗೆಯ ಮೊದಲಲ್ಲೇ.

"ಏನಾಯ್ತು ನಿಂಗೆ? ಮೈ ಹುಷಾರಿಲ್ವಾ?" ವೆಂಡೆಲ್ ಈಗ ಅವಳ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ, ಕೈಯಲ್ಲಿ ಕಾಫಿ.

"ನಿದ್ದೆ ಬಂದಿಲ್ಲ."

"ಈ ತಿಂಗಳು ದಾಟಲಿ. ಆಮೇಲೆ ಇಬ್ರೂ ಸತ್ತೋರ ಥರ ಮಲಗೋಣ."

ಹೇಳಬೇಕಿತ್ತು. ಅಳತೆಯ ಕಂಪನಿಗೆ ಒಂದು ಫೋನು. ಅವಳು ನಂಬರನ್ನು ಹುಡುಕಿಯೂ ಇಟ್ಟಳು. ಹೇಳಿದರೆ ಅಂಕಿ ಬೀಳುತ್ತದೆ, ವೆಂಡೆಲ್ ಬೀದಿಗೆ. ಹೇಳದೆ ಇದ್ದು ಎಂದಾದರೂ ಹೊರಬಿದ್ದರೆ? ಮೀಟರು ಹೊತ್ತವನು ದಿನಾ ಕೂರುವುದು ಕಾರ್ಯಕ್ರಮ ಮುಖ್ಯಸ್ಥೆಯ ಅತ್ತೆಯ ಪಡಖಾನೆಯಲ್ಲಿ, ಅವಳ ಹಾಸಿಗೆಯ ನೇರ ಕೆಳಗೆ. ಅದು ಕಾಕತಾಳೀಯ ಎಂದರೆ ಯಾರು ನಂಬುತ್ತಾರೆ? ತಾನಾಗಿದ್ದರೂ ನಂಬುತ್ತಿರಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದಳು. ಸಂಜೆ ಮನೆಗೆ ಬರುವಾಗ ಪಡಖಾನೆಯ ಮುಂಬಾಗಿಲು ಬಿಟ್ಟು ಹಿತ್ತಲಿನ ಮೆಟ್ಟಿಲು ಹತ್ತತೊಡಗಿದಳು. ಮೇಲೆ ಕೂತರೂ ನೆಲದ ಹಲಗೆಗಳ ಸಂದಿನಿಂದ ವೆಂಡೆಲನ ದನಿ ಏರಿ ಬರುತ್ತಿತ್ತು. ಒಂದೊಂದು ಮಾತೂ ಲೆಸ್ಟರನ ಸೊಂಟದ ಡಬ್ಬಿಯೊಳಗೆ ಹೋಗಿ ಬೀಳುತ್ತಿದೆ ಅನ್ನಿಸುತ್ತಿತ್ತು.

ಶುಕ್ರವಾರ ತಪ್ಪಿಸಿಕೊಳ್ಳಲಾಗಲಿಲ್ಲ. ಶುಕ್ರವಾರ ಎಂದರೆ ಕರಿದ ಮೀನು, ಆಲೂಗಡ್ಡೆ ದೋಸೆ, ರೈ ಬ್ರೆಡ್ಡು. ಇಡೀ ಬೀದಿಯೇ ಬಂದು ಕೂರುತ್ತದೆ, ತಟ್ಟೆ ಹೊರಲು ಇನ್ನೆರಡು ಕೈ ಬೇಕು. ನೊರೀನ್ ಏಪ್ರನ್ ಕಟ್ಟಿಕೊಂಡು ಇಳಿದಳು. ಆ ವಾರ ಫುಟ್ಬಾಲಿನ ಋತು ಶುರುವಾಗಿತ್ತು. ಅರ್ಧ ಜನ ತಮ್ಮ ತಂಡದ ಹಸಿರು ಹಳದಿ ಅಂಗಿಯಲ್ಲಿದ್ದರು.

"ಹೆಡ್ಡಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದ ಗಸ್, ಕಾರ್ಖಾನೆಯಿಂದ ನಿವೃತ್ತನಾದ ದಪ್ಪ ಮನುಷ್ಯ. "ಆ ಅಳುಮುಂಜಿ ಹಾಡು ತೆಗ್ದು ಆಟದ ಸ್ಟೇಷನ್ ಹಾಕು. ಭಾನುವಾರದ ಆಟಕ್ಕೆ ಯಾರ್ ಆಡ್ತಾರೆ, ಯಾರ ಮಂಡಿ ಮುರ್ದಿದೆ, ಏನೂ ಗೊತ್ತಾಗ್ತಿಲ್ಲ. ಈ ನಿನ್ನ ವೆಂಡೆಲ್ ಮಾತಾಡ್ತಿದ್ರೆ ನಂಗೆ ಮೊದಲನೇ ಹೆಂಡ್ತಿ ನೆನಪಾಗ್ತಾಳೆ."

"ಅವಳಿಗೆ ನಿನ್ನ ನೆನಪಿಲ್ವಲ್ಲ, ಅವಳೇ ಪುಣ್ಯವಂತೆ," ಎಂದಳು ಹೆಡ್ವಿಗ್. ಆದರೆ ಈ ಸಲ ಗಸ್ ಒಬ್ಬನೇ ಇರಲಿಲ್ಲ. ಕೌಂಟರಿನುದ್ದಕ್ಕೂ ಬೆರಳ ಗೆಣ್ಣುಗಳು ಮರಕ್ಕೆ ಬಡಿದವು. ಆಟ, ಆಟ, ಆಟ.

ಹೆಡ್ವಿಗ್ ಕೈಯೊರೆಸಿಕೊಂಡು ಕೌಂಟರಿನ ಕೆಳಗಿನಿಂದ ಚರ್ಮದ ಲೋಟ ತೆಗೆದಳು. ಐದು ದಾಳಗಳು ಒಳಗೆ ಗಲಗಲಿಸಿದವು. ಈ ಕಡೆಯ ಪಡಖಾನೆಗಳಲ್ಲಿ ಯಾವ ತಂಟೆ ಬಂದರೂ ತೀರ್ಪು ಕೊಡುವುದು ಅದೇ ಲೋಟ. ಮೂರು ಎಸೆತದವರೆಗೆ, ಒಂದೇ ಮುಖ ಯಾರಿಗೆ ಹೆಚ್ಚು ಬೀಳುತ್ತದೋ, ಸಮವಾದರೆ ಯಾರ ಅಂಕೆ ದೊಡ್ಡದೋ, ಅವರ ಮಾತು ನಡೆಯುತ್ತದೆ, ಆಮೇಲೆ ಗೊಣಗುವಂತಿಲ್ಲ.

"ಗೆದ್ದೋರು ಹೇಳಿದ ಸ್ಟೇಷನ್ನು. ಋತು ಮುಗಿಯೋವರೆಗೆ," ಎಂದಳು.

ಒಬ್ಬೊಬ್ಬರಾಗಿ ಎಸೆದರು. ಗಸ್‌ಗೆ ನಾಲ್ಕು ಮೂರುಗಳು ಬಿದ್ದವು; ಗೆದ್ದೇಬಿಟ್ಟೆ ಎಂದು ಬೆನ್ನು ತಟ್ಟಿಸಿಕೊಂಡ. ಲೋಟ ಕೊನೆಗೆ ಬಂದಾಗ ಲೆಸ್ಟರ್ ಕೈಯಲ್ಲೇ ದೂಡಿದ. "ನನ್ನ ಬಿಡ್ರಪ್ಪ. ನಂಗ್ಯಾವುದಾದ್ರೂ ಆಗುತ್ತೆ." ಅವನ ಇನ್ನೊಂದು ಕೈ ಬೆಲ್ಟಿನ ಮೇಲೆ ಹೋಗಿತ್ತು. ನೊರೀನ್ ಅದನ್ನು ನೋಡಿದಳು, ನೋಡಿದ್ದನ್ನು ಅವನೂ ನೋಡಿದ.

"ನೀನೆಲ್ಲಿ ಹೊರಟೆ?" ಹೆಡ್ವಿಗ್ ಸೊಸೆಯ ಏಪ್ರನ್ನಿನ ದಾರ ಹಿಡಿದಳು. "ಎಸಿ. ನಿನ್ನ ಕೆಲಸದ್ದೇ ಅಲ್ವಾ ಇದು?"

"ಬೇಡ ಮಾ, ಕೈಯೆಲ್ಲ ಎಣ್ಣೆ."

"ಎಣ್ಣೆ ಕೈಗೇ ದಾಳ ಚೆನ್ನಾಗಿ ಬೀಳೋದು. ಎಸಿ ಅಂದ್ರೆ!"

ಎಲ್ಲರೂ ನೋಡುತ್ತಿದ್ದರು. ರೇಡಿಯೋದವಳು ರೇಡಿಯೋಗಾಗಿ ಒಂದು ಎಸೆತ ಎಸೆಯುವುದಿಲ್ಲ ಎಂದರೆ ಅದೇ ಒಂದು ಸುದ್ದಿ. ಸೋಲಬೇಕು, ಬೇಗ ಸೋಲಬೇಕು ಎಂದುಕೊಂಡು ಲೋಟವನ್ನು ಅಲ್ಲಾಡಿಸದೆಯೇ ಬೋರಲು ಹಾಕಿದಳು. ಮೂರು ಐದುಗಳು. ಎಲ್ಲರ ಕೂಗಿಗೆ ಉಳಿದೆರಡನ್ನೂ ಹಾಗೆಯೇ ಮತ್ತೆ ಚೆಲ್ಲಿದಳು. ಇನ್ನೊಂದು ಐದು; ಗಸ್‌ನ ಮೂರುಗಳು ಸೋತವು.

ಹೆಡ್ವಿಗ್ ಕೌಂಟರ್ ಕುಟ್ಟಿ ನಕ್ಕಳು. ಗಸ್ ತಲೆಯ ಮೇಲೆ ಕೈಹೊತ್ತ. "ಮುಗೀತು. ಜನವರಿವರೆಗೂ ಅಳ್ತಾ ಕೂತ್ಕೊಳೋಣ. ಹೇಳಮ್ಮ, ಬಾಯಿಬಿಟ್ಟು ಹೇಳಿ ನಮ್ಮ ಹೊಟ್ಟೆ ಉರಿಸು."

ಹಾಡು ಎಂಬ ಒಂದೇ ಮಾತು. ದಾಳ ಹೇಳಿದ್ದು, ತಾನು ಹೇಳಿದ್ದಲ್ಲ. ಹೇಳಿದರೆ ಸೆಪ್ಟೆಂಬರಿನ ಗುಡ್ಡ ಗುಡ್ಡವಾಗಿಯೇ ಇರುತ್ತದೆ, ವೆಂಡೆಲನ ಮೈಕು ಅಲ್ಲೇ ಇರುತ್ತದೆ, ತಾನು ಕರ್ಟಿಸ್‌ನ ಮುಂದೆ ಇನ್ನೊಂದು ಕಾರಣ ಕಟ್ಟುತ್ತಾ ಕೂರುತ್ತೇನೆ. ರಾತ್ರಿ ಮಲಗಿ ಎಲ್ಲಾದರೂ ಕಿಣ್ ಎನ್ನುತ್ತದೆಯೇ ಎಂದು ಕಿವಿಗೊಡುತ್ತೇನೆ. ಅವಳು ದಾಳಗಳನ್ನು ಒಂದೊಂದಾಗಿ ಲೋಟಕ್ಕೆ ಹಾಕಿದಳು. ತನ್ನನ್ನು ತಡೆಯುತ್ತಿರುವುದು ನಿಯಮದ ಮೇಲಿನ ಗೌರವವೋ, ಸಿಕ್ಕಿಬೀಳುವ ಭಯವೋ ಅವಳಿಗೇ ಗೊತ್ತಾಗಲಿಲ್ಲ. ಮೂರು ತಿಂಗಳು ಈ ಊರಿನ ಐವತ್ತರ ಗಂಡಸರೆಲ್ಲ ತಾನೇ ಆಗಿ ಕೂತಿದ್ದ ಈ ಒಬ್ಬ ಮನುಷ್ಯನನ್ನು ನಿನಗೇನು ಬೇಕು ಎಂದು ಒಮ್ಮೆಯೂ ಯಾರೂ ಕೇಳಿಲ್ಲವಲ್ಲ ಎಂಬುದು ಮಾತ್ರ ತಲೆಯಲ್ಲಿ ಸುತ್ತಿತು.

"ಲೆಸ್ಟರ್ ಎಸೀಲೇ ಇಲ್ಲ," ಎಂದಳು. "ನನ್ನ ಗೆಲುವು ಅವನಿಗೆ. ಏನ್ ಕೇಳ್ಬೇಕು ನಿಂಗೆ ಲೆಸ್ಟರ್?"

ಲೆಸ್ಟರನ ಕತ್ತು ಕೆಂಪಾಯಿತು. "ನಿಜವಾಗ್ಲೂ ಕೇಳ್ತಿದ್ದೀಯಾ?"

"ನಿಜವಾಗ್ಲೂ."

ಅವನು ಬ್ರಾಂಡಿಯ ಲೋಟವನ್ನು ತಿರುಗಿಸುತ್ತಾ ಕೂತ. "ಹಾಡು ಬೇಜಾರಂತಲ್ಲ. ಆದ್ರೆ ನೋಡು, ದಿನವೆಲ್ಲ ಬಸ್ಸಲ್ಲಿ ನನ್ನ ಬೆನ್ನ ಹಿಂದೆ ನಲವತ್ತು ಜನ ಇರ್ತಾರೆ, ಒಬ್ಬರೂ ಮಾತಾಡಲ್ಲ. ಎಲ್ಲರ ಕಿವಿಗೂ ವೈರು. ಆಟದ ಸ್ಟೇಷನ್ ಇದ್ರೆ ಯಾರೋ ಪಕ್ಕದಲ್ಲಿ ಕೂತು ಜಗಳ ಆಡ್ದಂಗಿರುತ್ತೆ. ನಂಗೆ ಅದಿಷ್ಟ." ಆಮೇಲೆ ತಪ್ಪು ಮಾಡಿದವನಂತೆ ಸೇರಿಸಿದ: "ಬೇಡ ಅಂದ್ರೆ ಬೇಡ ಬಿಡು."

"ಮಾ, ತಿರುಗಿಸಿ," ಎಂದಳು ನೊರೀನ್.

ಹೆಡ್ವಿಗ್ ಸೊಸೆಯ ಮುಖವನ್ನೊಮ್ಮೆ ದಿಟ್ಟಿಸಿ, ಸ್ಟೂಲು ಹತ್ತಿ ಮುಳ್ಳು ತಿರುಗಿಸಿದಳು. ವೆಂಡೆಲ್ ಒಂದು ಹಾಡಿನ ಹೆಸರನ್ನು ಅರ್ಧ ಹೇಳಿದ್ದ. ಉಳಿದರ್ಧದ ಜಾಗದಲ್ಲಿ ಇಬ್ಬರು ಗಂಡಸರು ಒಬ್ಬ ಆಟಗಾರನ ಮಂಡಿಯ ಬಗ್ಗೆ ಕೂಗಾಡುತ್ತಿದ್ದರು. ಪಡಖಾನೆ ಹೋ ಎಂದಿತು. ಲೆಸ್ಟರ್ ನಗಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅವನು ರೇಡಿಯೋದವರಿಗೇ ಎದುರುತ್ತರ ಕೊಡುತ್ತಿದ್ದುದು ನೊರೀನಳ ಕಿವಿಗೆ ಬಿತ್ತು.

ಸೆಪ್ಟೆಂಬರ್ ಅಂಕಿ ಬಂದ ದಿನ ಕರ್ಟಿಸ್ ಫೋನು ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ನಿಮ್ಮ ಗಂಡಸರು ಎಲ್ಲಿ ಹೋದ್ರು ನೊರೀನ್? ಗುಡ್ಡವೇ ಇಲ್ಲ. ಇಡೀ ವಾರ ಸೋಮವಾರದ ಥರ ಆಗೋಗಿದೆ." ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಆಟದ ಸ್ಟೇಷನ್ ಕಟ್ಟಲು ಕೆಲವು ತಿಂಗಳು ಅವಳು ಇರಬೇಕಂತೆ. ಪಾಳಿಗಳ ವ್ಯವಸ್ಥೆ ಗೊತ್ತಿರುವವರು ಬೇಕಂತೆ. ಉಳಿದವರಿಗೆ ಈ ವಾರವೇ ಕೊನೆ. ಸರಿ ಎಂದು ಅವಳು ಫೋನು ಇಟ್ಟಳು. 

ಬದಲಾವಣೆಯ ಹಿಂದಿನ ಎರಡು ದಿನ, ಈ ಕಸುಬಿನ ರೂಢಿಯಂತೆ, ಜನರ ಕುತೂಹಲ ಕೆರಳಿಸಲೆಂದು ಸ್ಟೇಷನ್ನಿನಲ್ಲಿ ಒಂದೇ ಸದ್ದು ಹಾಕಿದರು. ಕ್ರೀಡಾಂಗಣದಲ್ಲಿ ಜನ ಹೋ ಎನ್ನುವ ಸದ್ದು. ಹಗಲೂ ರಾತ್ರಿ ಹೋ. ಒಳಗೆ ಹಾಡೂ ಇಲ್ಲ, ಹೆಸರೂ ಇಲ್ಲ.

ಆ ಶುಕ್ರವಾರ ವೆಂಡೆಲ್ ಮೀನು ತಿನ್ನಲು ಬಂದ. ಖಾಲಿ ಇದ್ದ ಜಾಗದಲ್ಲೇ ಕೂತ, ಲೆಸ್ಟರನ ಪಕ್ಕ. ಮೇಲೆ ರೇಡಿಯೋದಲ್ಲಿ ಇಬ್ಬರು ಕಚ್ಚಾಡುತ್ತಿದ್ದರು.

"ಇಲ್ಲೂ ಇವರೇನಾ!" ಎಂದು ವೆಂಡೆಲ್ ನಕ್ಕ. ಆ ದನಿಗೆ ಇಡೀ ಕೌಂಟರು ತಿರುಗಿ ನೋಡಿತು. "ನೊರೀನ್, ನಂಗೆ ಒಂದೇ ಅರ್ಥವಾಗ್ತಿಲ್ಲ. ಮೂರು ತಿಂಗಳು ಕೇಳಿದ್ರು. ಬೇಡದೇ ಇದ್ದಿದ್ರೆ ಮೂರು ತಿಂಗಳು ಯಾಕೆ ಕೇಳ್ತಿದ್ರು? ಒಂದೇ ದಿನ ಎಲ್ಲ ಹೋದ್ರು. ಎಲ್ಲ ಸೇರಿ ಒಂದೇ ಬಸ್ಸು ಹತ್ತಿ ಹೊಳೆಗೆ ಬಿದ್ರಾ? ನಾನೇನಂದೆ ಅವತ್ತು? ಏನು ತಪ್ಪು ಹಾಡು ಹಾಕ್ದೆ?"

ಲೆಸ್ಟರ್ ಬಾಯಿಗೆ ಒಯ್ದ ಮೀನನ್ನು ತಟ್ಟೆಗಿಟ್ಟ. ನೊರೀನಳ ಕಡೆ ನೋಡಿದ. ಆ ನೋಟದಲ್ಲಿ ನಾನು ಹೇಳಲೇ ಎಂಬ ಪ್ರಶ್ನೆ ಇತ್ತು.

ನೊರೀನ್ ಕಂಡೂ ಕಾಣದಷ್ಟು ತಲೆಯಾಡಿಸಿದಳು, ಬೇಡ ಎಂದು.

"ಹೆಡ್ಡಿ," ಎಂದ ಲೆಸ್ಟರ್ ಕೈಯೆತ್ತಿ, "ಇವರಿಗೊಂದು ಬ್ರಾಂಡಿ ಕೊಡು. ನನ್ನ ಕಡೆಯಿಂದ."

"ಥ್ಯಾಂಕ್ಸ್ ಸಾರ್. ನೀವು ನನ್ನ ಕಾರ್ಯಕ್ರಮ ಕೇಳ್ತಿದ್ರಾ?"

"ದಿನಾ," ಎಂದ ಲೆಸ್ಟರ್. "ಒಂದು ದಿನಾನೂ ಬಿಡ್ದೆ."

ವೆಂಡೆಲನ ಮುಖ ಅರಳಿತು. "ನೋಡ್ದ್ಯಾ? ಒಬ್ಬರಾದ್ರೂ ಇದ್ರಲ್ಲ!"

ಒಳಗೆ, ಎಣ್ಣೆ ಬಾಣಲೆಯ ಮುಂದೆ, ಹೆಡ್ವಿಗ್ ಸೊಸೆಯ ತೋಳು ಹಿಡಿದಳು. ಬಹಳ ದಿನದಿಂದ ನುಂಗಿಕೊಂಡಿದ್ದಳೆಂದು ಕಾಣುತ್ತದೆ. "ನಿಜ ಹೇಳು. ನಾನು ಅವತ್ತು ಲೋಟ ತೆಗ್ದೆನಲ್ಲ, ಮುಳ್ಳು ತಿರುಗಿಸ್ದೆನಲ್ಲ. ಅದ್ರಿಂದೇನಾದ್ರೂ..."

"ನಿಮ್ಮ ಒಂದು ರೇಡಿಯೋದಿಂದ ಏನಾಗುತ್ತೆ ಮಾ?" ನೊರೀನ್ ನಕ್ಕಳು. ನಗು ಸರಿಯಾಗಿಯೇ ಬಂತು. "ಇಷ್ಟು ದೊಡ್ಡ ಊರು."

"ಅಲ್ವಾ?" ಹೆಡ್ವಿಗ್ ಉಸಿರು ಬಿಟ್ಟಳು. "ನಾನೂ ಅದೇ ಅಂದ್ಕೊಂಡೆ. ಹೋಗು, ವೆಂಡೆಲ್‌ಗೆ ದೊಡ್ಡ ತುಂಡು ಕೊಡು."

ತಟ್ಟೆ ಎತ್ತಿಕೊಂಡು ನೊರೀನ್ ಬಾಗಿಲ ಮರೆಯಲ್ಲಿ ಒಂದು ಕ್ಷಣ ನಿಂತಳು. ಹೇಳಲು ಕೂತರೆ ಮೀಟರಿನ ವಿಷಯ ಹೇಳಿ ನಿಲ್ಲಿಸಲಾಗದು. ನಾಲ್ಕು ಐದುಗಳನ್ನೂ ಹೇಳಬೇಕು. ಗೆದ್ದೂ ಬಿಟ್ಟುಕೊಟ್ಟೆ ಎಂದರೆ ವೆಂಡೆಲ್ ಯಾಕೆ ಎನ್ನುತ್ತಾನೆ.  ಈಗ ಅವನ ಪಾಲಿಗೆ ಒಬ್ಬ ಕೇಳುಗನಾದರೂ ಉಳಿದಿದ್ದಾನೆ; ಹೇಳಿದರೆ ಅವನೂ ಇರುವುದಿಲ್ಲ. ಅತ್ತೆಗೂ ಹೇಳುವುದಿಲ್ಲ, ವೆಂಡೆಲ್‌ಗೂ ಇಲ್ಲ, ಕರ್ಟಿಸ್‌ಗೂ ಇಲ್ಲ. ಯಾರಿಗೂ ಇಲ್ಲ.

ಭುಜದಿಂದ ಬಾಗಿಲು ತಳ್ಳಿ ಅವಳು ಗದ್ದಲದೊಳಗೆ ನಡೆದಳು. "ಬಿಸಿ ಇದೆ, ನೋಡ್ಕೊಂಡು," ಎಂದು ತಟ್ಟೆಯನ್ನು ವೆಂಡೆಲನ ಮುಂದಿಟ್ಟಳು.